ಕರಗುವ ಹಾಳೆಯ ಪರೀಕ್ಷೆ ಬೋಗುಣಿಯಲ್ಲೇ ಆಗಬೇಕು

ದಾವಣಗೆರೆಯ ಚೌಕಿಪೇಟೆಯಲ್ಲಿ ದಾರ, ಲೇಸು, ಗುಂಡಿ ಮಾರುವ ಅಂಗಡಿಯೊಂದರಲ್ಲಿ ಈಗ ಕರಗುವ ಹಾಳೆ, ಅಂದರೆ ಎಂಬ್ರಾಯ್ಡರಿಗೆ ಆಧಾರವಾಗಿ ಇಟ್ಟು ಆಮೇಲೆ ನೀರಿನಲ್ಲಿ ಕಳೆಯುವ ಹಾಳೆ, ಎರಡು ಬಗೆಯದು ಮೀಟರ್ ಲೆಕ್ಕದಲ್ಲಿ ಸಿಗುತ್ತಿದೆ. ಒಂದು ಪಾರದರ್ಶಕ ಫಿಲ್ಮ್, ಮುಟ್ಟಿದರೆ ತೆಳು ಪ್ಲಾಸ್ಟಿಕ್ ಎನಿಸುತ್ತದೆ. ಇನ್ನೊಂದು ಬಿಳಿ ಹಾಳೆ, ನೇಯ್ಗೆಯಿಲ್ಲದ ತೆಳು ಬಟ್ಟೆಯ ಹಾಗಿದೆ, ಬೆಳಕಿಗೆ ಹಿಡಿದರೆ ಎಳೆಗಳು ಕಾಣುತ್ತವೆ. ಬಟ್ಟೆಯಿಲ್ಲದೆ ಬರೀ ದಾರದಲ್ಲಿ ನಿಲ್ಲುವ ಲೇಸು ಮಾಡುವವರು ಬಿಳಿಯದನ್ನು ಕೊಳ್ಳಿ. ಅದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಫಿಲ್ಮ್‌ಗೆ ಲೇಸಿನ ಮಟ್ಟಿಗೆ ಎರಡು. ಅಂಗಡಿಯ ಅಂಕ ಬೇರೆಯೇ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ನಿಟ್ಟುವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸೂಜಿಯ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇದೆ. ಬ್ಲೌಸಿನ ಬೆನ್ನಿಗೆ, ತೋಳಿನ ಅಂಚಿಗೆ, ಹೆಣ್ಣುಮಕ್ಕಳ ಲಂಗದ ಕೆಳಗೆ ಲೇಸು ಹಾಕಿಕೊಡುತ್ತೇನೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಂತೆ ಕಳಶದ ಹಿಂದೆ ನಿಲ್ಲಿಸುವ ಪ್ರಭಾವಳಿ, ಲೇಸಿನ ಕಮಲ, ದೇವಿಯ ಕಿವಿಯೋಲೆ ಕೇಳಿಕೊಂಡು ಬರುವವರೇ ಹೆಚ್ಚು. ದಾರದ ಕಿವಿಯೋಲೆಗಳಿಗೆ ಕಾಲೇಜು ಹುಡುಗಿಯರ ಗಿರಾಕಿ ವರ್ಷಪೂರ್ತಿ ಇರುತ್ತದೆ. ಇವೆಲ್ಲಕ್ಕೂ ಕೆಲಸ ಒಂದೇ: ಕರಗುವ ಹಾಳೆಯನ್ನು ಫ್ರೇಮಿಗೆ ಬಿಗಿದು, ಅದರ ಮೇಲೆ ಮಷಿನ್ನಿನಲ್ಲಿ ಜಾಲ ಹೆಣೆದು, ಕೊನೆಗೆ ಹಾಳೆಯನ್ನು ನೀರಿನಲ್ಲಿ ಕಳೆಯುವುದು. ಅಂಗಡಿಗಳಲ್ಲಿ ಜಿಪಿಒ ಲೇಸ್ ಎಂದು ಕೇಳಿ ಕೊಳ್ಳುತ್ತೀರಲ್ಲ, ಅದರ ಹುಟ್ಟೂ ಹೀಗೆಯೇ ಆಯಿತು. 1880ರ ದಶಕದಲ್ಲಿ ಯುರೋಪಿನವರು ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಕಸೂತಿ ಹಾಕಿ, ರಾಸಾಯನಿಕದಲ್ಲಿ ರೇಷ್ಮೆಯನ್ನೇ ಕರಗಿಸಿಬಿಡುತ್ತಿದ್ದರು. ಲೇಸಿಗಾಗಿ ರೇಷ್ಮೆ ಕರಗಿಸುವ ಧಾರಾಳತನ ನನ್ನಿಂದಾಗದು. ನನಗೆ ಮೀಟರಿಗೆ 70 ರೂಪಾಯಿಯ ಈ ಹಾಳೆಯೇ ಸಾಕು.

ಹಾಳೆಯನ್ನು ಹೊಗಳುವವರು, ತೆಗಳುವವರು ಎಲ್ಲರೂ ಮಷಿನ್ ಮೇಲೆ ಅದು ಹೇಗೆ ನಿಂತಿತು ಎಂಬುದನ್ನೇ ಹೇಳುತ್ತಾರೆ. ಆ ವಿಷಯ ಬೇಗ ಮುಗಿಯುತ್ತದೆ. ಬಿಳಿ ಹಾಳೆಯನ್ನು ಎರಡು ಪದರ ಮಾಡಿ, ತಮಟೆಯ ಚರ್ಮದ ಹಾಗೆ ಬಿಗಿದು, 75/11 ಅಳತೆಯ ಸೂಜಿ ಹಾಕಿದರೆ ದಟ್ಟ ಹೊಲಿಗೆಯನ್ನೂ ತಡೆದುಕೊಳ್ಳುತ್ತದೆ. ಫಿಲ್ಮ್ ಹಾಗಲ್ಲ. ಒಂದೇ ಸಾಲಿನಲ್ಲಿ ಸೂಜಿ ಮತ್ತೆ ಮತ್ತೆ ಬಿದ್ದರೆ, ಹಳೆಯ ಅಂಚೆಚೀಟಿಯ ಅಂಚಿನಲ್ಲಿ ಹರಿಯುವಂತೆ, ತೂತುಗಳ ಗುಂಟ ಬಿಟ್ಟುಕೊಳ್ಳುತ್ತದೆ. ಆಮೇಲೆ ಹೊರಗೆರೆ ಒಂದು ಕಡೆ, ಒಳಗಿನ ತುಂಬು ಹೊಲಿಗೆ ಒಂದು ಕಡೆ. ದಪ್ಪ ಫಿಲ್ಮ್ ಇದ್ದರೆ ಇಷ್ಟು ತೊಂದರೆ ಆಗುವುದಿಲ್ಲ. ಸಲ್ಕಿ ಎಂಬ ಕಂಪನಿಯವರ ಅಲ್ಟ್ರಾ ಸಾಲ್ವಿಯಂತಹ ದಪ್ಪ ಬಗೆಗಳಿವೆ, ಆದರೆ ಅವು ನಮ್ಮ ಊರಿನ ಅಂಗಡಿಯ ಕಪಾಟಿನಲ್ಲಿಲ್ಲ, ತರಿಸಿಕೊಂಡರೆ ಬೆಲೆ ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಕೆಳಗಿನ ದಾರ ಸುತ್ತುವ ಬಾಬಿನ್ನಿಗೂ ಮೇಲಿನ ಬಣ್ಣದ ದಾರವನ್ನೇ ಹಾಕಿ, ಲೇಸಿಗೆ ಎರಡೂ ಮುಖ ಕಾಣುತ್ತವೆ. ಡಿಸೈನ್ ಕೂಡ ಲೇಸಿಗೆಂದೇ ಮಾಡಿದ್ದಾಗಿರಬೇಕು. ಹೊಲಿಗೆಗಳು ಒಂದನ್ನೊಂದು ಹಿಡಿದುಕೊಂಡಿರದ ಸಾಧಾರಣ ಹೂವಿನ ಡಿಸೈನನ್ನು ಹಾಳೆಯ ಮೇಲೆ ಹಾಕಿ ನೀರಿಗೆ ಬಿಟ್ಟರೆ ಕೈಗೆ ಬರುವುದು ದಾರದ ಗೊಂಚಲು. ಅದಕ್ಕೆ ಹಾಳೆಯನ್ನು ಬೈದು ಒಂದು ನಕ್ಷತ್ರ ಕೊಡುವವರು ಡಿಸೈನ್ ಕೊಟ್ಟವರನ್ನು ಬೈಯಬೇಕು.

ಹಾಳೆಯ ನಿಜವಾದ ಗುಣ ತಿಳಿಯುವುದು ಬೋಗುಣಿಯಲ್ಲಿ. ಹೋಗು ಎಂದಾಗ ಹೋಗಬೇಕು, ಇರು ಎಂದಷ್ಟು ಉಳಿಯಬೇಕು. ಈ ಎರಡನೆಯದು ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅದನ್ನು ಯಾವ ಪ್ಯಾಕೆಟ್ಟಿನ ಮೇಲೂ ಬರೆದಿರುವುದಿಲ್ಲ.

ನೀರಿಗೆ ಹಾಕುವ ಮುಂಚೆ ಫ್ರೇಮಿನಿಂದ ತೆಗೆದ ಲೇಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ದಾರ ಎಲ್ಲಾದರೂ ತುಂಡಾಗಿ ಕೊಂಡಿ ಬಿಟ್ಟಿದ್ದರೆ ಆಗಲೇ ಕೈಸೂಜಿಯಿಂದ ಹಿಡಿದುಬಿಡಬೇಕು. ಹಾಳೆ ಇರುವವರೆಗೆ ಆ ಜಾಗಕ್ಕೆ ನೆಲವಿದೆ, ಆಮೇಲೆ ಇಲ್ಲ. ಸೂಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ಬಿಡುವ ಜಿಗಿತದ ದಾರಗಳನ್ನೂ ಆಗಲೇ ಕತ್ತರಿಸಬೇಕು, ಒದ್ದೆಯಾದ ಮೇಲೆ ಯಾವುದು ಬೇಕಾದದ್ದು, ಯಾವುದು ಬೇಡವಾದದ್ದು ಎಂದು ಗುರುತು ಸಿಗುವುದಿಲ್ಲ. ನಂತರ ಹೊಲಿಗೆಯ ಅಂಚಿನಿಂದ ನಾಲ್ಕೈದು ಮಿಲಿಮೀಟರ್ ಬಿಟ್ಟು ಸುತ್ತಲಿನ ಹಾಳೆಯನ್ನು ಕತ್ತರಿಸುತ್ತೇನೆ. ಹಾಳೆ ಎಷ್ಟು ಕಡಿಮೆ ನೀರಿಗೆ ಬೀಳುತ್ತದೆಯೋ ಅಷ್ಟು ಕಡಿಮೆ ಅಂಟು. ಕತ್ತರಿಸಿದ ಚೂರುಗಳನ್ನು ಎಸೆಯಬೇಡಿ, ಅವುಗಳ ಉಪಯೋಗವಿದೆ.

ಸುಕ್ಕಾಗಿದೆ ಎಂದು ತೊಳೆಯುವ ಮೊದಲೇ ಇಸ್ತ್ರಿ ಮಾಡುವ ಚಾಳಿ ಕೆಲವರಿಗಿದೆ. ಈ ಹಾಳೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪದಾರ್ಥದ್ದು. ಅಂಗಡಿಯವರು ಪಿವಿಎ ಎನ್ನುತ್ತಾರೆ. 1924ರಲ್ಲಿ ಜರ್ಮನಿಯಲ್ಲಿ ಮೊದಲು ತಯಾರಾದದ್ದು. ಬಿಸಿ ತಗುಲಿದರೆ ಅದರೊಳಗಿನ ಉದ್ದುದ್ದ ಅಣುಸರಪಳಿಗಳು ಒತ್ತೊತ್ತಾಗಿ ಕೂತು, ಆಮೇಲೆ ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇಸ್ತ್ರಿ ತಿಂದ ಹಾಳೆ ಎಷ್ಟು ಹೊತ್ತು ನೆನೆದರೂ ಮೂಲೆಮೂಲೆಯಲ್ಲಿ ಪೊರೆಯಾಗಿ ಉಳಿಯುವುದು ಇದೇ ಕಾರಣಕ್ಕೆ.

ನೀರು ಎಷ್ಟು ಬಿಸಿ ಇರಬೇಕು ಎಂಬುದಕ್ಕೆ ನೂರು ಅಭಿಪ್ರಾಯ ಕೇಳಿದ್ದೇನೆ. ಕುದಿಯುವ ನೀರು ಹೊಯ್ಯಿರಿ ಎನ್ನುವವರ ಮಾತನ್ನು ಮಾತ್ರ ಕೇಳಬೇಡಿ. ಪಿವಿಎ ಮೊದಲು ನೀರು ಕುಡಿದು ಉಬ್ಬುತ್ತದೆ, ಆಮೇಲೆ ಕರಗುತ್ತದೆ. ಉಬ್ಬಲು ಬಿಡದೆ ಒಮ್ಮೆಲೇ ಸುಡುನೀರು ಸುರಿದರೆ ಮೇಲಿನ ಪದರ ಅಂಟಾಗಿ ಮುದ್ದೆಕಟ್ಟಿ, ಒಳಗಿನದಕ್ಕೆ ನೀರು ಹೋಗುವ ದಾರಿಯೇ ಮುಚ್ಚುತ್ತದೆ. ನಾನು ಮೊದಲು ಅಗಲವಾದ ಸ್ಟೀಲ್ ಬೋಗುಣಿಯಲ್ಲಿ ತಣ್ಣೀರು ಹಾಕಿ ಲೇಸನ್ನು ಮಟ್ಟಸವಾಗಿ ಬಿಡುತ್ತೇನೆ. ಚೌಕಿಪೇಟೆಯ ಬಿಳಿ ಹಾಳೆ ಕಣ್ಣೆದುರೇ ಮಾಯವಾಗುತ್ತದೆ, ಮೊದಲ ಸಲ ನೋಡುವವರು ಬೆರಗಾಗುತ್ತಾರೆ. ಆದರೆ ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಅದು ಹೋಗಿಲ್ಲ. ಲೇಸನ್ನು ಎತ್ತಿ ಎರಡು ಬೆರಳ ನಡುವೆ ಹಿಡಿದರೆ ನುಣುಪಾಗಿ ಜಾರುತ್ತದೆ, ಆ ಜಾರಿಕೆಯೆಲ್ಲ ಹಾಳೆಯೇ. ಎರಡನೆಯ ನೀರು ಉಗುರುಬೆಚ್ಚಗೆ, ಸುಮಾರು 40 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ನಮ್ಮ ಮಹಡಿಯ ಟ್ಯಾಂಕಿನಿಂದ ಬರುವ ನೀರು ಕಾಯಿಸದೆಯೇ ಅಷ್ಟು ಬೆಚ್ಚಗಿರುತ್ತದೆ. ದಾವಣಗೆರೆಯ ಬಿಸಿಲಿನಿಂದ ನನಗೆ ಆಗುವ ಲಾಭ ಇದೊಂದೇ.

ಈ ವಿಷಯದಲ್ಲಿ ನನಗೆ ಗುರು ನಮ್ಮ ಮಾವ. ಊರಿನ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅವರು ಗಿರಣಿಯೊಂದರ ಸೈಜಿಂಗ್ ವಿಭಾಗದಲ್ಲಿದ್ದರು. ಮಗ್ಗಕ್ಕೆ ಹೋಗುವ ಹಾಸಿನ ನೂಲು ತುಂಡಾಗದಿರಲೆಂದು ಗಂಜಿ ಹಿಡಿಸುವ ಕೆಲಸ. ಬರೀ ಹತ್ತಿಯ ನೂಲಿಗೆ ಪಿಷ್ಟದ ಗಂಜಿ, ಪಾಲಿಯೆಸ್ಟರ್ ಬೆರೆತ ನೂಲಿಗೆ ಪಿವಿಎ. ನನ್ನ ಬೋಗುಣಿಗೆ ಕೈ ಅದ್ದಿ ಬೆರಳು ಉಜ್ಜಿ ನೋಡಿದವರೇ, “ಇದು ನಮ್ಮ ಗಿರಣಿಯ ಗಂಜಿಯೇ ಅವ್ವಾ, ಇದನ್ನು ಹಿಂಡಿ ತೆಗೆಯಲಾಗುವುದಿಲ್ಲ, ನೀರು ಬದಲಿಸಿ ತೆಗೆಯಬೇಕು” ಎಂದರು. ಮಾತು ಅಷ್ಟೇ, ಆದರೆ ಅದರಲ್ಲಿ ಎಲ್ಲ ಇದೆ. ಪಿಷ್ಟದ ಗಂಜಿ ಬಿಡಿಸಲು ಕಿಣ್ವ ಬೇಕಾಗುತ್ತದೆ, ಪಿವಿಎಗೆ ನೀರೊಂದೇ ಸಾಕು. ಆದರೆ ಒಮ್ಮೆ ಕರಗಿದ ನೀರೇ ಅಂಟಾಗಿರುವುದರಿಂದ, ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೂ ಲೇಸು ಆ ಅಂಟನ್ನೇ ಹೊತ್ತುಕೊಂಡು ಮೇಲೆ ಬರುತ್ತದೆ. ಒಂದು ಬೋಗುಣಿ ನೀರಿನಲ್ಲಿ ಗಂಟೆಗಟ್ಟಲೆ ಬಿಡುವುದಕ್ಕಿಂತ, ಸ್ವಲ್ಪ ಸ್ವಲ್ಪ ಹೊತ್ತಿಗೆ ಹೊಸ ನೀರು ಕೊಡುವುದು ಮೇಲು. ನೀರಿನ ಅಭಾವದ ಊರಿನಲ್ಲಿ ಇದು ದುಬಾರಿ ಸಲಹೆ ಎಂದು ಗೊತ್ತು. ಹಾಗಾಗಿ ಲೇಸುಗಳನ್ನು ಒಟ್ಟು ಮಾಡಿಕೊಂಡು ಒಂದೇ ಸಲ ತೊಳೆಯುತ್ತೇನೆ, ಕೊನೆಯ ನೀರು ಮುಂದಿನ ಗುಂಪಿಗೆ ಮೊದಲ ನೀರಾಗುತ್ತದೆ.

ಉಜ್ಜಬಾರದು, ಹಿಂಡಬಾರದು. ಹೊಳಪಿಗಾಗಿ ಹೆಚ್ಚಿನವರು ಬಳಸುವುದು ರೇಯಾನ್ ದಾರ. ಒದ್ದೆಯಾದಾಗ ಅದರ ಗಟ್ಟಿತನ ಅರ್ಧದಷ್ಟಕ್ಕೆ ಇಳಿಯುತ್ತದೆ. ಬ್ರಷ್ ಹಿಡಿದು ಉಜ್ಜಿದರೆ ಹಾಳೆಗಿಂತ ಮೊದಲು ದಾರ ಹೋಗುತ್ತದೆ. ನೀರಿನಲ್ಲಿ ಅತ್ತಿಂದಿತ್ತ ಆಡಿಸಿದರೆ ಸಾಕು. ಪಾಲಿಯೆಸ್ಟರ್ ದಾರಕ್ಕೆ ಈ ಭಯವಿಲ್ಲ, ಬಣ್ಣವೂ ಗಟ್ಟಿ. ಕೆಂಪು, ಮರೂನ್, ಕಡುನೀಲಿ ರೇಯಾನನ್ನು ಬಿಳಿಯ ಜೊತೆ ಒಂದೇ ಬೋಗುಣಿಗೆ ಹಾಕುವ ಧೈರ್ಯ ನಾನು ಮಾಡುವುದಿಲ್ಲ. ಜರಿ ದಾರಕ್ಕೆ ಬೆಚ್ಚಗಿನ ನೀರೂ ಬೇಡ, ತಣ್ಣೀರಿನಲ್ಲೇ ತಾಳ್ಮೆಯಿಂದ ತೆಗೆಯಿರಿ. ಜರಿಯದು ಬರೀ ಅಂಚಿನ ಹಾಳೆ ಹೋಗಬೇಕೆಂದಿದ್ದರೆ ಮುಳುಗಿಸುವುದೇ ಬೇಡ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ ಅಂಚಿನ ಮೇಲೆ ಎಳೆದರೆ ಅಲ್ಲಿನ ಹಾಳೆ ಒಳಸರಿದು ದಾರಕ್ಕೆ ಅಂಟಿಕೊಳ್ಳುತ್ತದೆ, ಅಂಚು ನೀಟಾಗುತ್ತದೆ.

ಎಷ್ಟು ತೆಗೆಯಬೇಕು ಎಂಬುದು ಲೇಸು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಈ ಹಾಳೆಗೆ ನಾನು ನಾಲ್ಕು ಅಂಕ ಕೊಡುವುದೇ ಇಲ್ಲಿ. ಕಿವಿಯೋಲೆಗೆ ಹಾಳೆಯೇ ಬೆನ್ನೆಲುಬು. ತಣ್ಣೀರಿನಲ್ಲಿ ಒಂದೆರಡು ಸಲ ಅದ್ದಿ, ತೂತುಗಳೊಳಗಿನ ಪೊರೆ ಹೋದದ್ದು ಕಂಡ ಕೂಡಲೇ ತೆಗೆದುಬಿಡುತ್ತೇನೆ. ಬೆರಳಿಗೆ ಇನ್ನೂ ಜಾರುತ್ತಿರಬೇಕು. ಒಣಗಿದ ಮೇಲೆ ಅದು ತಗಡಿನಷ್ಟು ಸೆಟೆದು ನಿಲ್ಲುತ್ತದೆ, ಕೊಂಡಿ ಸಿಕ್ಕಿಸಿದರೂ ಬಾಗುವುದಿಲ್ಲ. ಪ್ರಭಾವಳಿಗೂ ಇದೇ ಕ್ರಮ. ಫಿಲ್ಮ್ ಇಲ್ಲಿ ಸೋಲುತ್ತದೆ, ಅರ್ಧ ತೊಳೆದರೆ ತೂತುಗಳಲ್ಲಿ ಹೊಳೆಯುವ ಪೊರೆ ಕಟ್ಟಿ ಅಗ್ಗದ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ, ಪೂರ್ತಿ ತೊಳೆದರೆ ಬಿಗಿ ಇರುವುದಿಲ್ಲ. ಬಿಳಿ ಹಾಳೆ ದಾರದೊಳಗೆ ಇಳಿದು ಕೂರುತ್ತದೆ, ತೂತಿನಲ್ಲಿ ನಿಲ್ಲುವುದಿಲ್ಲ.

ಬ್ಲೌಸಿನ ಕೊರಳಿಗೆ, ಬೆನ್ನಿಗೆ ಹೋಗುವ ಲೇಸಿನ ಕತೆ ಪೂರ್ತಿ ಬೇರೆ. ಅಲ್ಲಿ ಒಂದಿಷ್ಟೂ ಉಳಿಯಬಾರದು. ಉಳಿದದ್ದು ಒಣಗಿದ್ದಾಗ ಚುಚ್ಚುತ್ತದೆ, ಬೆವರಿಗೆ ನೆನೆದಾಗ ಮತ್ತೆ ಕರಗಿ ಅಂಟುತ್ತದೆ. ಮೇ ತಿಂಗಳ ಮದುವೆ, ಕಲ್ಯಾಣಮಂಟಪದಲ್ಲಿ ತುಂಬಿದ ಜನ, ರೇಷ್ಮೆ ಸೀರೆ ಉಟ್ಟು ಹೋಮದ ಮುಂದೆ ಕೂತ ಮದುಮಗಳ ಕೊರಳ ಪಟ್ಟಿ ಜಿಗುಟಾದರೆ ಅವಳು ಯಾರನ್ನು ನೆನೆಯುತ್ತಾಳೆಂದು ಬೇರೆ ಹೇಳಬೇಕಿಲ್ಲ. ಹಾಗಾಗಿ ಇಂಥದ್ದಕ್ಕೆ ಬೆಚ್ಚಗಿನ ನೀರನ್ನು ಬದಲಿಸುತ್ತಲೇ ಹೋಗುತ್ತೇನೆ. ಬೆರಳ ನಡುವೆ ದಾರ ದಾರದ ಹಾಗೆಯೇ ಒರಟಾಗಿ ಸಿಗಬೇಕು. ದಟ್ಟವಾಗಿ ತುಂಬಿದ ಹೂವಿನ ಎಸಳುಗಳೊಳಗೆ ಅಂಟು ಅಡಗಿರುತ್ತದೆ, ಜಾಲದ ಭಾಗ ಮೆತ್ತಗಾಯಿತೆಂದು ನಿಲ್ಲಿಸಬಾರದು, ಎಸಳನ್ನೇ ಹಿಡಿದು ನೋಡಬೇಕು. ಒಣಗಿದ ಮೇಲೆ ಇನ್ನೂ ಸೆಟೆದಿದೆ ಎನಿಸಿದರೆ ಚಿಂತೆಯಿಲ್ಲ, ಮತ್ತೆ ನೀರಿಗೆ ಹಾಕಬಹುದು. ಎಷ್ಟು ಸಲ ಬೇಕಾದರೂ ತಿದ್ದಲು ಅವಕಾಶ ಕೊಡುವ ಸಾಮಗ್ರಿ ಹೊಲಿಗೆಯ ಕೆಲಸದಲ್ಲಿ ಬೇರೊಂದಿಲ್ಲ. ತಪ್ಪು ಕತ್ತರಿಸಿದ ಬಟ್ಟೆಯನ್ನು ಯಾವ ನೀರೂ ಸರಿಮಾಡದು.

ಲಂಗದ ಅಂಚು ಇವೆರಡರ ನಡುವೆ. ನೆರಿಗೆಯ ಜೊತೆ ಬೀಳಬೇಕು, ಆದರೆ ಮುದುಡಬಾರದು. ಹೇಗೂ ಮುಂದೆ ಮನೆಯಲ್ಲಿ ಒಗೆಯುತ್ತಲೇ ಇರುತ್ತಾರೆ, ಉಳಿದದ್ದು ತಾನಾಗಿ ಹೋಗುತ್ತದೆ. ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ.

ಮಲೆನಾಡಿನ ಗಿರಾಕಿಗಳಿದ್ದರೆ ಒಂದು ಮಾತು. ಇಲ್ಲಿ ತಗಡಿನಂತೆ ನಿಂತ ಕಿವಿಯೋಲೆ ತೀರ್ಥಹಳ್ಳಿಗೆ ಹೋಗಿ ಆಷಾಢದ ಮಳೆಯಲ್ಲಿ ಬಾಡಿದ ವೀಳ್ಯದೆಲೆ ಆಗಿತ್ತು. ಕೊಂಡ ಹುಡುಗಿ ಫೋನ್ ಮಾಡಿ, “ಆಂಟಿ, ನೀವು ಬೇರೆ ಪೀಸ್ ಕಳಿಸಿದ್ದೀರಾ?” ಎಂದು ಕೇಳಿದಳು. ಪೀಸ್ ಅದೇ, ಗಾಳಿ ಬೇರೆ. ಪಿವಿಎ ಗಾಳಿಯ ತೇವವನ್ನೂ ಹೀರುತ್ತದೆ. ಅತ್ತ ಕಡೆಗೆ ಹೋಗುವ ಓಲೆಗಳಲ್ಲಿ ಹಾಳೆಯನ್ನು ನಂಬದೆ, ಅಂಚಿನೊಳಗೆ ತೆಳು ತಂತಿ ಹೊಲಿದು ಕೊಡುವುದು ಒಳ್ಳೆಯದು.

ಇನ್ನು ನೀರು. ನಮ್ಮಲ್ಲಿ ನಲ್ಲಿಯಲ್ಲಿ ಬರುವ ಹೊಳೆ ನೀರು, ಬೋರಿನ ನೀರು ಎರಡೂ ಇವೆ. ಹಾಳೆ ಎರಡರಲ್ಲೂ ಕರಗುತ್ತದೆ, ಆ ಬಗ್ಗೆ ದೂರಿಲ್ಲ. ವ್ಯತ್ಯಾಸ ಕಾಣುವುದು ಒಣಗಿದ ಮೇಲೆ. ಬೋರಿನ ನೀರಿನಲ್ಲಿ ತೊಳೆದ ಕಪ್ಪು, ಹಸಿರು, ಮರೂನ್ ಲೇಸಿನ ಮೇಲೆ ಬಿಳಿಯ ಮಬ್ಬು ಕೂರುತ್ತದೆ. ಎಲ್ಲರೂ ಹಾಳೆ ಸರಿಯಾಗಿ ಹೋಗಿಲ್ಲ ಎಂದುಕೊಂಡು ಮತ್ತೆ ಅದೇ ಬೋರ್ ನೀರಿನಲ್ಲಿ ತೊಳೆಯುತ್ತಾರೆ, ಮಬ್ಬು ಇನ್ನಷ್ಟು ಹೆಚ್ಚುತ್ತದೆ. ಕಂಡುಹಿಡಿಯುವುದು ಸುಲಭ. ಮಬ್ಬಿನ ಮೇಲೆ ಒಂದು ಹನಿ ಬೆಚ್ಚಗಿನ ನೀರು ಬಿಟ್ಟು ಬೆರಳಾಡಿಸಿ. ಜಾರಿದರೆ ಅದು ಹಾಳೆ. ಜಾರದೆ, ಒಂದು ಹನಿ ನಿಂಬೆರಸಕ್ಕೆ ಮಾಯವಾದರೆ ಅದು ನೀರಿನ ಸುಣ್ಣ. ನಾನು ಮೊದಲ ನೀರುಗಳಿಗೆ ಬೋರನ್ನೇ ಬಳಸಿ, ಕೊನೆಯದಕ್ಕೆ ಮಾತ್ರ ಹೊಳೆ ನೀರು ಇಟ್ಟುಕೊಳ್ಳುತ್ತೇನೆ. ಚಿತ್ರದುರ್ಗದ ಕಡೆ ಬೋರನ್ನೇ ನಂಬಿದವರಿಗೆ ಕೊನೆಯ ಅದ್ದುವಿಕೆಗೆ ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದು ಚೊಂಬು ನೀರು ಸಾಕಾಗುತ್ತದೆ.

ಸಾಬೂನಿನ ಪುಡಿ ಬೇಕೇ ಎಂದು ಕೇಳುವವರಿಗೆ ಬೇಡ ಎನ್ನುತ್ತೇನೆ. ಗಡಸು ನೀರಿನಲ್ಲಿ ಸಾಬೂನು ತಾನೇ ಒಂದು ಬಿಳಿ ಜಿಡ್ಡು ಬಿಡುತ್ತದೆ. ಬಿಳಿಗಾರವಂತೂ ತಾಗಲೇಬಾರದು. ಮಕ್ಕಳು ಬಿಳಿಗಾರದ ನೀರಿಗೆ ಅಂಟು ಬೆರೆಸಿ ಸ್ಲೈಮ್ ಮಾಡಿ ಆಡುತ್ತಾರಲ್ಲ, ಅದೇ ಕ್ರಿಯೆ ಇಲ್ಲಿಯೂ ನಡೆದು, ಕರಗಬೇಕಾದದ್ದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಒಗೆಯುವ ಪುಡಿಯಲ್ಲಿ ಏನೇನು ಬೆರೆತಿರುತ್ತದೆ ಎಂದು ಡಬ್ಬದ ಹಿಂದಿನ ಸಣ್ಣ ಅಕ್ಷರ ಓದುವ ತಾಳ್ಮೆ ಯಾರಿಗಿದೆ? ಬರೀ ನೀರೇ ಸಾಕು.

ಒಣಗಿಸುವುದರಲ್ಲಿ ಆಕಾರ ಕೆಡುತ್ತದೆ. ನೀರಿನಿಂದ ಎತ್ತಿದ ಲೇಸನ್ನು ದಪ್ಪ ಟವೆಲಿನ ನಡುವೆ ಇಟ್ಟು ಒತ್ತಿ, ಥರ್ಮಾಕೋಲ್ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಎಳೆದು ನಿಲ್ಲಿಸುತ್ತೇನೆ. ವೃತ್ತಾಕಾರದ ಡಿಸೈನ್ ಆಗಿದ್ದರೆ ಕೆಳಗೆ ಅದರ ಅಳತೆಯ ಕಾಗದದ ಪಡಿಯಚ್ಚು ಇಟ್ಟುಕೊಳ್ಳಿ, ಪ್ಲಾಸ್ಟಿಕ್ಕಿನ ಕೆಳಗೆ ಗೆರೆ ಕಾಣುತ್ತದೆ. ವೃತ್ತಪತ್ರಿಕೆಯ ಮೇಲೆ ಮಾತ್ರ ಒಣಗಿಸಬೇಡಿ, ಅಂದಿನ ಸುದ್ದಿ ಲೇಸಿನ ಮೇಲೆ ಅಚ್ಚಾಗುತ್ತದೆ. ಫ್ಯಾನಿನ ಗಾಳಿ ಸಾಕು. ಬಿಸಿಲಿಗಿಟ್ಟರೆ ಒಂದು ಬದಿ ಬೇಗ ಒಣಗಿ ಸೊಟ್ಟಗಾಗುತ್ತದೆ. ಇನ್ನೂ ತುಸು ತೇವವಿರುವಾಗ ಎರಡು ಹತ್ತಿ ಬಟ್ಟೆಗಳ ನಡುವೆ ಇಟ್ಟು, ಉಲ್ಟಾ ಮುಖದಿಂದ ಇಸ್ತ್ರಿ ಮಾಡಬಹುದು. ಬಟ್ಟೆ ಇಲ್ಲದೆ ಮಾಡಿದರೆ ಉಳಿದ ಅಂಟು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹತ್ತುತ್ತದೆ, ಮುಂದಿನ ಬಲಿ ಮನೆಯವರ ಬಿಳಿ ಅಂಗಿ.

ಕತ್ತರಿಸಿ ಇಟ್ಟ ಚೂರುಗಳ ಉಪಯೋಗ ಹೇಳಿದೆನಲ್ಲ. ಅವನ್ನು ಒಂದು ಬಾಟಲಿಯಲ್ಲಿ ಸ್ವಲ್ಪ ಬೆಚ್ಚಗಿನ ನೀರಿಗೆ ಹಾಕಿ ಕುಲುಕಿದರೆ ಗಂಜಿಯಂಥ ದ್ರವ ಸಿಗುತ್ತದೆ. ಹೆಚ್ಚು ತೊಳೆದು ಮೆತ್ತಗಾದ ಓಲೆಗೆ ಅದನ್ನು ಬ್ರಷ್‌ನಿಂದ ಹಚ್ಚಿ ಒಣಗಿಸಿದರೆ ಮತ್ತೆ ಬಿಗಿ ಬರುತ್ತದೆ. ಹಾಳೆಯ ಬೆಲೆ ಹೆಚ್ಚಾಯಿತು ಎನ್ನುವವರು ಈ ಬಾಟಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಚ್ಚು ದಿನ ಇಡಬೇಡಿ, ವಾಸನೆ ಬರುತ್ತದೆ. ಬೋಗುಣಿಯ ಮೊದಲ ಅಂಟುನೀರನ್ನು ಅಡುಗೆಮನೆಯ ಸಿಂಕಿಗೆ ಹಾಗೆಯೇ ಸುರಿಯಬೇಡಿ, ಬಿಸಿನೀರು ಬೆರೆಸಿ ತೆಳುಮಾಡಿ ಬಿಡಿ. ಕೊಳವೆಯೊಳಗೆ ಕಟ್ಟಿಕೊಂಡರೆ ಪ್ಲಂಬರ್‌ಗೆ ಕೊಡುವ ಹಣದಲ್ಲಿ ಒಂದು ರೋಲು ಬರುತ್ತದೆ.

ಅಂಗಡಿಯ ಮಾತಿಗೆ ಬರೋಣ. ಮೀಟರ್ ಲೆಕ್ಕದಲ್ಲಿ ಕೊಡುವುದು ದೊಡ್ಡ ಉಪಕಾರ. ಮೊದಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ ಇಡೀ ರೋಲು ತರಿಸಬೇಕಿತ್ತು. ಅಂಗಡಿಯವರ ಮಾತೂ ಮೃದು, ಬಣ್ಣದ ದಾರ ಹೊಂದಿಸಲು ಕೂತರೆ ಬೇಸರಿಸದೆ ಡಬ್ಬಗಳನ್ನು ಇಳಿಸುತ್ತಾರೆ. ಆದರೆ ಅವರಲ್ಲಿ ಎರಡು ದೋಷಗಳಿವೆ, ಅದಕ್ಕೇ ಅಂಗಡಿಗೆ ಮೂರೇ ಅಂಕ.

ಒಂದು, ರೋಲನ್ನು ಬಾಗಿಲ ಪಕ್ಕದಲ್ಲಿ ತೆರೆದೇ ನಿಲ್ಲಿಸಿರುತ್ತಾರೆ. ಬೇಸಿಗೆಯಲ್ಲಿ ಬಿಸಿ ಒಣಗಾಳಿಗೆ ಹೊರಸುತ್ತಿನ ಹಾಳೆ ಪೆಡಸಾಗಿ ಮಡಿಸಿದಲ್ಲೇ ಸೀಳುತ್ತದೆ, ಫಿಲ್ಮ್‌ನದು ಇನ್ನೂ ಹೆಚ್ಚು. ಮಳೆಗಾಲದಲ್ಲಿ ಅದೇ ಹಾಳೆ ಮೆತ್ತಗಾಗಿ ಫ್ರೇಮಿನಲ್ಲಿ ಬಿಗಿ ನಿಲ್ಲುವುದಿಲ್ಲ. “ಅಣ್ಣಾ, ಒಳಸುತ್ತಿನಿಂದ ಕೊಡಿ” ಎಂದರೆ, “ಎಲ್ಲ ಒಂದೇ ರೋಲು ಅಕ್ಕಾ” ಎಂದು ನಗುತ್ತಾರೆ. ರೋಲು ಒಂದೇ, ಬಿಸಿಲು ಬಿದ್ದ ಜಾಗ ಬೇರೆ. ಒಂದು ಉದ್ದನೆಯ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿದರೆ ಮುಗಿಯಿತು. ನಾನು ಮನೆಗೆ ತಂದದ್ದನ್ನು ಜಿಪ್ ಕವರಿನಲ್ಲಿಟ್ಟು ಸೀರೆಗಳ ಬೀರುವಿನಲ್ಲಿ ಇಡುತ್ತೇನೆ.

ಎರಡನೆಯದು ಹೆಚ್ಚು ಗಂಭೀರ. ತಣ್ಣೀರಿಗೆ ಕರಗುವ ಹಾಳೆ, ಬಿಸಿನೀರಿಗೆ ಮಾತ್ರ ಕರಗುವ ಹಾಳೆ ಎಂದು ಎರಡಿವೆ. ನೋಟಕ್ಕೆ ಎರಡೂ ಒಂದೇ. ವ್ಯತ್ಯಾಸ ತಯಾರಿಕೆಯಲ್ಲಿದೆ: ಪಿವಿಎ ಮಾಡುವಾಗ ಅದರ ಮೂಲವಸ್ತುವನ್ನು ಶೇಕಡಾ 88ರ ಆಸುಪಾಸಿಗೆ ಮಾರ್ಪಡಿಸಿ ನಿಲ್ಲಿಸಿದರೆ ತಣ್ಣೀರಿನಲ್ಲೂ ಕರಗುತ್ತದೆ, 98 ದಾಟಿಸಿದರೆ ಕುದಿಯುವ ಹತ್ತಿರದ ನೀರು ಬೇಕು. ದೊಡ್ಡ ಕಾರ್ಖಾನೆಯವರಿಗೆ ಎರಡನೆಯದೂ ನಡೆಯುತ್ತದೆ, ಅವರಲ್ಲಿ ಬಿಸಿನೀರಿನ ತೊಟ್ಟಿಗಳಿವೆ. ನನ್ನ ರೇಯಾನ್, ಜರಿಗೆ ಅದು ಮರಣಶಾಸನ. ಅಂಗಡಿಯಲ್ಲಿ ಎರಡೂ ಬಗೆಯ ರೋಲು ಒಂದೇ ಮೂಲೆಯಲ್ಲಿ ನಿಂತಿರುತ್ತವೆ, ಚೀಟಿಯಿಲ್ಲ. ಕೇಳಿದರೆ ಅಲ್ಲಿನ ಹುಡುಗ, “ನೀರಲ್ಲವೇ ಅಕ್ಕಾ, ಕರಗುತ್ತದೆ” ಎನ್ನುತ್ತಾನೆ.

ಆದ್ದರಿಂದ ಅಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ. ಬೆರಳ ತುದಿಯಷ್ಟು ಚೂರು ಹರಿದು, ಅಂಗಡಿಯಲ್ಲಿ ಕುಡಿಯಲು ಇಟ್ಟಿರುವ ನೀರನ್ನು ಲೋಟದಲ್ಲಿ ಕೇಳಿ, ಅದರಲ್ಲಿ ಹಾಕಿ ನೋಡಿ. ತಣ್ಣೀರಿನ ಬಗೆಯದು ದಾರದ ಬೆಲೆ ಕೇಳಿ ಮುಗಿಸುವಷ್ಟರಲ್ಲಿ ಕಾಣದಂತಾಗುತ್ತದೆ. ಬಿಸಿನೀರಿನ ಬಗೆಯದು ಮೆತ್ತಗಾಗಿ ಹಾಳೆಯಾಗಿಯೇ ತೇಲುತ್ತಿರುತ್ತದೆ. ಲೋಟವೂ ಬೇಡವೆಂದರೆ ಬೆರಳನ್ನು ಒದ್ದೆ ಮಾಡಿ ಹಾಳೆಯ ಮೂಲೆಗೆ ಒತ್ತಿ ಎತ್ತಿ. ಬೇಕಾದದ್ದಾದರೆ ಬೆರಳಿಗೆ ಅಂಟಿಕೊಂಡು ಅಲ್ಲೊಂದು ತೂತು ಬೀಳುತ್ತದೆ. ಅಂಗಡಿಯವರು ಮೊದಲು ಮುಖ ಕಿವುಚಿದರು, ಈಗ ನನ್ನನ್ನು ಕಂಡರೆ ತಾವೇ ಲೋಟ ತುಂಬಿಸಿ ಇಡುತ್ತಾರೆ. ಎರಡು ರೋಲಿಗೆ ಎರಡು ಚೀಟಿ ಅಂಟಿಸುವುದು ಅದಕ್ಕಿಂತ ಸುಲಭ ಎಂದು ಹೇಳಿದ್ದೇನೆ, ಇನ್ನೂ ಅಂಟಿಸಿಲ್ಲ.

ಬಿಳಿ ಹಾಳೆಯ ಒಂದು ಅಂಕ ಕಳೆದದ್ದು ಅಗಲಕ್ಕಾಗಿ. ನನ್ನ ದೊಡ್ಡ ಫ್ರೇಮಿಗೆ ಎರಡು ಪದರ ಮಡಿಸಿದರೆ ಬದಿಯಲ್ಲಿ ಹಿಡಿಯಲು ಜಾಗ ಸಾಲುವುದಿಲ್ಲ, ಉದ್ದಕ್ಕೆ ಕತ್ತರಿಸಿದರೆ ಪಟ್ಟಿ ವ್ಯರ್ಥವಾಗುತ್ತದೆ. ಸಣ್ಣ ಫ್ರೇಮಿನವರಿಗೆ ಈ ತೊಂದರೆಯೇ ಇಲ್ಲ, ಅವರು ಐದೂ ಕೊಡಬಹುದು.

ಇನ್ನು ಫಿಲ್ಮ್ ಕೊಂಡು ಮನೆಯಲ್ಲಿಟ್ಟುಕೊಂಡವರು ಎಸೆಯಬೇಕಿಲ್ಲ. ಟವೆಲಿನ ಮೇಲೆ ಹೆಸರು ಬರೆಸುವವರು, ವೆಲ್ವೆಟ್ ಮೇಲೆ ಹೂವು ಹಾಕಿಸುವವರು ಬಂದರೆ, ಹೊಲಿಗೆ ಜುಂಗಿನೊಳಗೆ ಮುಳುಗದಿರಲು ಅದನ್ನು ಬಟ್ಟೆಯ ಮೇಲೆ ಹಾಸಿ. ಆ ಕೆಲಸಕ್ಕೆ ತೆಳುವಾದ ಫಿಲ್ಮೇ ಉತ್ತಮ. ಮುಗಿದ ಮೇಲೆ ಎಳೆದರೆ ಬರುತ್ತದೆ, ಅಕ್ಷರಗಳ ಹೊಟ್ಟೆಯಲ್ಲಿ ಉಳಿದದ್ದಕ್ಕೆ ಒದ್ದೆ ಹತ್ತಿಕಡ್ಡಿ ಸಾಕು.